ಆಯಸ್ಸು ಹೆಚ್ಚಿದ್ದರಿಂದ ಬುದ್ಧಿ ಬಂತೇ, ಬುದ್ಧಿ ಬಂದದ್ದರಿಂದ ಆಯಸ್ಸು ಹೆಚ್ಚಿತೇ?

ಪ್ರಶ್ನೆ: ಚಿಂಪಾಂಜಿ, ಗೊರಿಲ್ಲಾಗಳಿಗಿಂತ ಮನುಷ್ಯ ತುಂಬಾ ವರ್ಷ ಬದುಕುತ್ತಾನೆ. ಹೆಚ್ಚು ವರ್ಷ ಬದುಕಿದರೆ ಹೆಚ್ಚು ಕಲಿಯಬಹುದು, ಕಲಿತದ್ದನ್ನು ಮಕ್ಕಳಿಗೆ ಹೇಳಿಕೊಡಬಹುದು. ಹಾಗಾದರೆ ನಮ್ಮ ಬುದ್ಧಿ ಬೆಳೆಯಲು ದೀರ್ಘ ಆಯಸ್ಸೇ ಕಾರಣ ಇರಬಹುದೇ? ಆದರೆ ಹಿಂದಿನ ಕಾಲದವರು ಮೂವತ್ತಕ್ಕೆಲ್ಲ ಸಾಯುತ್ತಿದ್ದರು ಎಂದೂ ಓದಿದ್ದೇನೆ. ಎರಡೂ ಹೇಗೆ ಸರಿ ಹೋಗುತ್ತದೆ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡೋಣ. ಅದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗೋಕಾಗಲ್ಲ. ‘ಮೂವತ್ತಕ್ಕೆ ಸಾಯುತ್ತಿದ್ದರು’ ಅನ್ನುವ ಮಾತಿನಲ್ಲಿ ಲೆಕ್ಕ ತಪ್ಪಿಲ್ಲ, ಅರ್ಥ ಮಾಡಿಕೊಂಡ ರೀತಿ ತಪ್ಪು. ಹತ್ತು ಮಕ್ಕಳು ಹುಟ್ಟಿದವು ಅಂದುಕೊಳ್ಳಿ. ನಾಲ್ಕು ಮಕ್ಕಳು ಒಂದು ವರ್ಷದ ಆಸುಪಾಸಿನಲ್ಲೇ ತೀರಿಕೊಂಡವು. ಇಬ್ಬರು 30ಕ್ಕೆ ಹೋದರು. ಉಳಿದ ನಾಲ್ವರು 65 ವರ್ಷ ಬದುಕಿದರು. ಎಲ್ಲ ಕೂಡಿಸಿ ಹತ್ತರಿಂದ ಭಾಗಿಸಿ, ಸರಾಸರಿ 32 ಬರುತ್ತದೆ. ಆದರೆ ಆ ಗುಂಪಿನಲ್ಲಿ 32ಕ್ಕೆ ಸತ್ತವರು ಒಬ್ಬರೂ ಇಲ್ಲ. ಹತ್ತರಲ್ಲಿ ನಾಲ್ವರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು!

ಇದು ಬರೀ ಕಾಗದದ ಲೆಕ್ಕವಲ್ಲ. ಟಾಂಜಾನಿಯಾದ ಹಾಡ್ಜಾ, ಪರಾಗ್ವೆಯ ಅಚೇ ಮುಂತಾದ ಜನ ಬೇಟೆಯಾಡಿ, ಗೆಡ್ಡೆ ಗೆಣಸು ಅಗೆದು ಬದುಕಿದವರು. ಇಂಥ ಗುಂಪುಗಳಲ್ಲಿ ಯಾರು ಯಾವ ವಯಸ್ಸಿಗೆ ತೀರಿಕೊಂಡರು ಅನ್ನುವ ದಾಖಲೆಗಳನ್ನು ಮಾನವಶಾಸ್ತ್ರಜ್ಞರಾದ ಮೈಕಲ್ ಗರ್ವನ್ ಮತ್ತು ಹಿಲರ್ಡ್ ಕಪ್ಲಾನ್ 2007ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಹುಟ್ಟಿನಿಂದ ಲೆಕ್ಕ ಹಾಕಿದರೆ ಸರಾಸರಿ ಆಯಸ್ಸು 21ರಿಂದ 37 ವರ್ಷ. ಆದರೆ ದೊಡ್ಡವರಾದ ಮೇಲೆ ಅತಿ ಹೆಚ್ಚು ಜನ ಸಾಯುತ್ತಿದ್ದ ವಯಸ್ಸು ಸುಮಾರು 72. ಆಸ್ಪತ್ರೆ ಇಲ್ಲ, ಲಸಿಕೆ ಇಲ್ಲ, ಆದರೂ 72! ಚಿಂಪಾಂಜಿಯ ಕಥೆ ಬೇರೆ. ಕಾಡಿನಲ್ಲಿ 15 ವರ್ಷ ದಾಟಿದ ಚಿಂಪಾಂಜಿ ಸರಾಸರಿ ಇನ್ನು 15 ವರ್ಷ ಬದುಕಿದರೆ ಹೆಚ್ಚು. ಅದೇ 15 ದಾಟಿದ ಬೇಟೆಗಾರ ಮನುಷ್ಯನಿಗೆ ಇನ್ನೂ 40 ವರ್ಷದ ಹತ್ತಿರ ಬದುಕು ಬಾಕಿ ಇರುತ್ತದೆ.

ಹಾಗಾಗಿ ಕಳೆದ ಇನ್ನೂರು ವರ್ಷಗಳಲ್ಲಿ ಸರಾಸರಿ ಆಯಸ್ಸು ಎರಡು ಪಟ್ಟಾದ ಕಥೆಯನ್ನು ಇಲ್ಲಿಗೆ ತರಬೇಡಿ. ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ತಲೆಬುರುಡೆಗಳು ಸುಮಾರು 3 ಲಕ್ಷ ವರ್ಷ ಹಳೆಯವು. ಅವುಗಳ ಮಿದುಳಿನ ಗಾತ್ರ ಆಗಲೇ ಹೆಚ್ಚುಕಡಿಮೆ ನಮ್ಮಷ್ಟೇ ಇತ್ತು. ನಾವು ಹುಡುಕಬೇಕಾದ ಆಯಸ್ಸು ಅದಕ್ಕೂ ತುಂಬಾ ಹಿಂದಿನದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅದರಲ್ಲಿ ಒಂದು ಸಣ್ಣ ಗಂಟಿದೆ. ‘ಜಾಸ್ತಿ ಬದುಕಿದರೆ ಜಾಸ್ತಿ ಕಲಿಯುತ್ತೇವೆ’ ಅನ್ನುವುದು ಒಬ್ಬ ಮನುಷ್ಯನ ಮಟ್ಟಿಗೆ ನಿಜ. ಆದರೆ ಕಲಿತದ್ದು ಜೀನ್ ಮೂಲಕ ಮಕ್ಕಳಿಗೆ ಹೋಗುವುದಿಲ್ಲ. ದೊಡ್ಡ ಮಿದುಳು ಒಂದು ಜೀವಿಯಲ್ಲಿ ನೆಲೆ ನಿಲ್ಲಬೇಕಾದರೆ, ಅದು ಇದ್ದವರ ಮಕ್ಕಳು ಮೊಮ್ಮಕ್ಕಳು ಉಳಿದವರ ಸಂತಾನಕ್ಕಿಂತ ಹೆಚ್ಚಾಗಿ ಬದುಕಿ ಉಳಿಯಬೇಕು. ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳೋಣ: ದೊಡ್ಡ ಮಿದುಳಿಗೆ ಹಾಕಿದ ಖರ್ಚು ಯಾವಾಗ ವಾಪಸ್ ಬರುತ್ತದೆ?

ಖರ್ಚು ಸಣ್ಣದಲ್ಲ. ದೊಡ್ಡವರ ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟು. ಸುಮ್ನೆ ಕೂತಿದ್ದಾಗಲೂ ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ಅದೇ ತಿನ್ನುತ್ತದೆ. ಮಕ್ಕಳಲ್ಲಂತೂ ಇನ್ನೂ ಜೋರು. ಐದು ವರ್ಷದ ಹೊತ್ತಿಗೆ ಮಗು ದಿನಕ್ಕೆ ಬಳಸುವ ಒಟ್ಟು ಶಕ್ತಿಯಲ್ಲಿ ಶೇ. 40ಕ್ಕಿಂತ ಹೆಚ್ಚು ಮಿದುಳಿಗೇ ಹೋಗುತ್ತದೆ ಎಂದು ಕ್ರಿಸ್ಟೋಫರ್ ಕುಜಾವಾ ಅವರ ತಂಡ 2014ರಲ್ಲಿ ತೋರಿಸಿತು. ಮಿದುಳು ಅತಿ ಹೆಚ್ಚು ತಿನ್ನುವ ಆ ವಯಸ್ಸಿನಲ್ಲೇ ಮಗುವಿನ ಮೈ ಬೆಳೆಯುವುದು ಅತಿ ನಿಧಾನ. ಇಬ್ಬರಿಗೂ ಆಗುವಷ್ಟು ಶಕ್ತಿ ಇಲ್ಲ. ಮೈ ಕಾಯಬೇಕು, ಮಿದುಳು ಮೊದಲು ಉಣ್ಣಬೇಕು. ನಮ್ಮ ಬಾಲ್ಯ ಇಷ್ಟು ಉದ್ದ ಎಳೆದದ್ದಕ್ಕೆ ಇದೊಂದು ಒಳ್ಳೆಯ ವಿವರಣೆ.

ಹಾಗೆ ನೋಡಿದರೆ ಮಿದುಳು ಒಂದು ದೊಡ್ಡ ಸಾಲ. ಮೊದಲ ಇಪ್ಪತ್ತು ವರ್ಷ ಬರೀ ಪಡೆಯುವುದು, ತೀರಿಸುವುದು ಆಮೇಲೆ. ಹಾಲು ಬಿಟ್ಟ ಚಿಂಪಾಂಜಿ ಮರಿ ಐದಾರು ವರ್ಷಕ್ಕೆ ತನ್ನ ಹೊಟ್ಟೆ ತಾನೇ ತುಂಬಿಸಿಕೊಳ್ಳುತ್ತದೆ. ಬೇಟೆಯಾಡಿ ಬದುಕುವ ಮನುಷ್ಯರಲ್ಲಿ ಹುಡುಗ ತಿನ್ನುವುದಕ್ಕಿಂತ ಹೆಚ್ಚು ತರಲು ಶುರು ಮಾಡುವುದೇ 18–20ರ ಹೊತ್ತಿಗೆ. ಅಲ್ಲಿಗೂ ಮುಗಿಯಲಿಲ್ಲ. 2020ರಲ್ಲಿ ಜಗತ್ತಿನ 40 ಕಡೆಗಳ 1,800ಕ್ಕೂ ಹೆಚ್ಚು ಬೇಟೆಗಾರರ ದಾಖಲೆಗಳನ್ನು ಒಟ್ಟು ಮಾಡಿ ನೋಡಿದ ಅಧ್ಯಯನ ಬಂತು. ಬೇಟೆಯ ಕೈಚಳಕ ತುತ್ತತುದಿಗೆ ಹೋಗುವುದು 30ರಿಂದ 35ರ ನಡುವೆ. ಮೈಕಟ್ಟಿನ ಬಲ ಮೊದಲೇ ಬಂದಿರುತ್ತದೆ. ಪ್ರಾಣಿ ಎಲ್ಲಿ ನೀರು ಕುಡಿಯುತ್ತದೆ, ಗಾಳಿ ಬದಲಾದರೆ ಯಾವ ಕಡೆ ಓಡುತ್ತದೆ, ಹೆಜ್ಜೆ ಗುರುತು ಎಷ್ಟು ಹೊತ್ತಿನದು, ಇದೆಲ್ಲ ತಲೆಯೊಳಗೆ ಕೂರಲು ಇನ್ನೊಂದಿಷ್ಟು ವರ್ಷ ಬೇಕು. ಈಗ ಯೋಚಿಸಿ. ದೊಡ್ಡವರಲ್ಲಿ ಅರ್ಧಕ್ಕರ್ಧ ಮಂದಿ 30ರೊಳಗೇ ಹುಲಿ ಸಿಂಹದ ಪಾಲಾದರೆ ಈ ಸಾಲ ಯಾರು ತೀರಿಸಬೇಕು? ಅಂಥ ಕಡೆ ದೊಡ್ಡ ಮಿದುಳು ಬರೀ ನಷ್ಟ.

ಕಪ್ಲಾನ್ ಮತ್ತು ಅವರ ಜೊತೆಗಾರರು 2000ರಲ್ಲಿ ಮುಂದಿಟ್ಟ ವಾದದ ತಿರುಳು ಇದೇ. ನಿಮ್ಮ ಊಹೆಗೆ ಅತಿ ಹತ್ತಿರದ ಸಿದ್ಧಾಂತವೂ ಇದೇ. ಸಿಗಲು ಕಷ್ಟವಾದ, ಆದರೆ ಸಿಕ್ಕರೆ ಹೊಟ್ಟೆ ತುಂಬಿಸುವ ಆಹಾರದ ಹಿಂದೆ ನಮ್ಮ ಪೂರ್ವಜರು ಬಿದ್ದರು. ಅದಕ್ಕೆ ಕಲಿಕೆ ಬೇಕಾಯಿತು. ಕಲಿಕೆಗೆ ಮಿದುಳು ಬೇಕಾಯಿತು. ಮಿದುಳಿನ ಖರ್ಚು ಗಿಟ್ಟಲು ಆಯಸ್ಸು ಬೇಕಾಯಿತು. ಆಯಸ್ಸು ಹೆಚ್ಚಿದಷ್ಟೂ ಇನ್ನಷ್ಟು ಕಲಿಯುವುದು ಲಾಭದ ಬಾಬತ್ತಾಯಿತು. ಒಂದು ಇನ್ನೊಂದನ್ನು ಎಳೆದುಕೊಂಡು ಹೋಯಿತು.

ಕೇಳಲು ಚೆನ್ನಾಗಿದೆ, ಅಲ್ವಾ? ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ಕಥೆ ಕೇಳಿದಾಗ ನನಗೆ ಸ್ವಲ್ಪ ಅನುಮಾನ ಶುರುವಾಗುತ್ತದೆ.

ಮೊದಲನೆಯದಾಗಿ, ಕಲಿಯಲು ನಿಜಕ್ಕೂ ಅಷ್ಟು ವರ್ಷ ಬೇಕಾ? ನಿಕೊಲಸ್ ಬ್ಲರ್ಟನ್ ಜೋನ್ಸ್ ಮತ್ತು ಫ್ರಾಂಕ್ ಮಾರ್ಲೋ ಇದನ್ನು ಹಾಡ್ಜಾ ಜನರ ನಡುವೆ ಪರೀಕ್ಷಿಸಿ 2002ರಲ್ಲಿ ಬರೆದರು. ಹಾಡ್ಜಾಗಳಲ್ಲಿ ಕೆಲವರು ಬಾಲ್ಯದ ಹಲವು ವರ್ಷಗಳನ್ನು ಹಾಸ್ಟೆಲ್ ಶಾಲೆಯಲ್ಲಿ ಕಳೆದಿದ್ದರು. ಕಾಡಿನ ಕೆಲಸ ಅವರಿಗೆ ಅಷ್ಟಾಗಿ ಅಭ್ಯಾಸ ಇರಲಿಲ್ಲ. ಕಾಡಲ್ಲೇ ಬೆಳೆದವರ ಜೊತೆ ನಿಲ್ಲಿಸಿ ಗೆಡ್ಡೆ ಅಗೆಸಿದರೆ ಶಾಲೆಯವರು ಹಿಂದೆ ಬೀಳಲಿಲ್ಲ. ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ಮೇರ್ ದ್ವೀಪದಲ್ಲೂ ಇಂಥದೇ ಕಂಡಿತು. ಅಲ್ಲಿನ ಮಕ್ಕಳು ಹವಳದ ದಿಬ್ಬದ ಮೇಲೆ ಚಿಪ್ಪಿನ ಜೀವಿಗಳನ್ನು ಆರಿಸುತ್ತಾರೆ. ದೊಡ್ಡವರಿಗಿಂತ ಕಡಿಮೆ ತರುತ್ತಾರೆ ನಿಜ. ಆದರೆ ಅದಕ್ಕೆ ಕಾರಣ ತಿಳಿವಳಿಕೆಯ ಕೊರತೆಯಲ್ಲ, ಚಿಕ್ಕ ಕಾಲುಗಳು, ನಿಧಾನದ ನಡಿಗೆ. ಹಾಗಾದರೆ ಬಾಲ್ಯ ಇರುವುದು ಕಲಿಯಲಿಕ್ಕೆ ಅನ್ನುವ ಮಾತನ್ನು ಎಲ್ಲ ಕೆಲಸಕ್ಕೂ ಹಚ್ಚಲಾಗದು. ದೊಡ್ಡ ಪ್ರಾಣಿಯ ಜಾಡು ಹಿಡಿದು ಹೋಗುವುದಕ್ಕೆ ಅದು ಹೊಂದುತ್ತದೆ. ಗೆಡ್ಡೆಗೆ, ಚಿಪ್ಪಿಗೆ ಅಷ್ಟಾಗಿ ಇಲ್ಲ.

ಎರಡನೆಯದು ಇನ್ನೂ ಗಟ್ಟಿ. ಆಯಸ್ಸು ಬುದ್ಧಿ ತರುವುದೇ ಆಗಿದ್ದರೆ ಜಗತ್ತಿನಲ್ಲಿ ಅತಿ ಬುದ್ಧಿವಂತ ಪ್ರಾಣಿ ಒಂದು ಚಿಪ್ಪುಮೀನು ಆಗಿರಬೇಕಿತ್ತು! ಐಸ್‌ಲ್ಯಾಂಡ್ ಬಳಿ 2006ರಲ್ಲಿ ಹಿಡಿದ ಒಂದು ಕಡಲ ಚಿಪ್ಪುಮೀನಿನ ವಯಸ್ಸು 507 ವರ್ಷ. ಗ್ರೀನ್‌ಲ್ಯಾಂಡ್ ಶಾರ್ಕ್ ಕನಿಷ್ಠ 270 ವರ್ಷ ಬದುಕುತ್ತದೆ ಎಂದು 2016ರ ಅಧ್ಯಯನ ಅಂದಾಜು ಮಾಡಿತು. ಬ್ರಾಂಟ್ ಬಾವಲಿ ಅಂತ ಒಂದಿದೆ, ತೂಕ 7 ಗ್ರಾಂ ಆಸುಪಾಸು. ಸೈಬೀರಿಯಾದಲ್ಲಿ ಗುರುತು ಹಾಕಿ ಬಿಟ್ಟ ಒಂದು 41 ವರ್ಷಗಳ ನಂತರ ಜೀವಂತ ಸಿಕ್ಕಿತು. ಇವು ಯಾವುವೂ ಒಗಟು ಬಿಡಿಸುವುದಿಲ್ಲ. ಇನ್ನೊಂದು ಕಡೆ ಆಕ್ಟೋಪಸ್ ನೋಡಿ. ಬಾಟಲಿಯ ಮುಚ್ಚಳ ತಿರುಗಿಸಿ ತೆಗೆಯುತ್ತದೆ, ತೆಂಗಿನ ಚಿಪ್ಪು ಹೊತ್ತು ಮನೆ ಮಾಡಿಕೊಳ್ಳುವ ಜಾತಿಯೂ ಇದೆ. ಸಾಮಾನ್ಯ ಆಕ್ಟೋಪಸ್‌ನ ಆಯಸ್ಸು ಒಂದೆರಡು ವರ್ಷ ಮಾತ್ರ. ಅಮ್ಮ ಮೊಟ್ಟೆ ಕಾದು ಸಾಯುತ್ತದೆ, ಮರಿಗಳಿಗೆ ಹೇಳಿಕೊಡಲು ಯಾರೂ ಇರುವುದಿಲ್ಲ. ಆದರೂ ಅಷ್ಟು ಬುದ್ಧಿ.

ಹಾಗಾದರೆ ಆಯಸ್ಸು ಉದ್ದವಾಗುವುದು ಯಾವುದರಿಂದ? ಬಹುಪಾಲು ಒಂದೇ ಕಾರಣ, ಬೇರೆಯವರ ಕೈಗೆ ಸಿಕ್ಕು ಸಾಯುವ ಅಪಾಯ ಕಡಿಮೆಯಾಗುವುದು. ಹೇಗೂ ನಾಳೆಯೇ ಯಾರಾದರೂ ತಿನ್ನುತ್ತಾರೆ ಅನ್ನುವ ಜೀವಿಗೆ ಮುಪ್ಪನ್ನು ಮುಂದೂಡುವ ಜೀನ್‌ನಿಂದ ಲಾಭವಿಲ್ಲ. ನೈಸರ್ಗಿಕ ಆಯ್ಕೆಗೆ ಅದು ಕಾಣುವುದೇ ಇಲ್ಲ. ಪೀಟರ್ ಮೆಡಾವರ್, ಜಾರ್ಜ್ ವಿಲಿಯಮ್ಸ್ 1950ರ ದಶಕದಲ್ಲೇ ಈ ದಾರಿಯಲ್ಲಿ ಯೋಚಿಸಿದ್ದರು. ಸ್ಟೀವನ್ ಆಸ್ಟಡ್ ಅದನ್ನು ಕಣ್ಣಾರೆ ಕಾಣಬಹುದಾದ ಒಂದು ಜಾಗ ಹುಡುಕಿದರು. ಅಮೆರಿಕದ ಜಾರ್ಜಿಯಾ ತೀರದಾಚೆಯ ಸಪೆಲೊ ದ್ವೀಪದಲ್ಲಿ ಅಪಾಸಮ್ ಎಂಬ ಹೊಟ್ಟೆಚೀಲದ ಪ್ರಾಣಿಗಳಿವೆ. ಅವು ಸಾವಿರಾರು ವರ್ಷಗಳಿಂದ ಅಲ್ಲೇ ಪ್ರತ್ಯೇಕವಾಗಿ ಉಳಿದಿವೆ. ಅವನ್ನು ತಿನ್ನುವ ದೊಡ್ಡ ಪ್ರಾಣಿಗಳು ಅಲ್ಲಿಲ್ಲ. ಮುಖ್ಯನೆಲದ ಅಪಾಸಮ್‌ಗಳಿಗಿಂತ ಇವಕ್ಕೆ ಮುಪ್ಪು ನಿಧಾನವಾಗಿ ಬರುತ್ತದೆ ಎಂದು ಆಸ್ಟಡ್ 1993ರಲ್ಲಿ ತೋರಿಸಿದರು. ಬಾಲದೊಳಗಿನ ನಾರು ಬಿರುಸಾಗುವ ವೇಗವೂ ಕಡಿಮೆ. ಬದುಕು ಸುರಕ್ಷಿತವಾಯಿತು, ಆಯಸ್ಸು ಹಿಗ್ಗಿತು. ಚಿಪ್ಪುಮೀನಿಗೆ ಚಿಪ್ಪು, ಬಾವಲಿಗೆ ರೆಕ್ಕೆ, ಶಾರ್ಕ್‌ಗೆ ಆಳವಾದ ತಣ್ಣನೆಯ ಕಡಲು.

ಮನುಷ್ಯನಿಗೆ ಏನಿತ್ತು? ಚಿಪ್ಪಿಲ್ಲ, ರೆಕ್ಕೆ ಇಲ್ಲ. ಓಡಿದರೆ ಚಿರತೆ ಹಿಡಿಯುತ್ತದೆ. ನಮ್ಮನ್ನು ಕಾಪಾಡಿದ್ದು ಗುಂಪು, ಕೈಯಲ್ಲಿನ ಕಲ್ಲು ಕೋಲು, ಆಮೇಲೆ ಬೆಂಕಿ. ಇವಕ್ಕೆಲ್ಲ ಬುದ್ಧಿ ಬೇಕು. ಇಲ್ಲಿ ಬಾಣ ತಿರುಗಿಬಿಡುತ್ತದೆ ನೋಡಿ. ಬುದ್ಧಿ ಮೊದಲು ಬಂತು, ಅದು ಅಪಾಯ ತಗ್ಗಿಸಿತು, ಅದರಿಂದ ಆಯಸ್ಸು ಬೆಳೆಯಿತು ಅಂತಲೂ ಹೇಳಬಹುದು. ಮಿದುಳಿನ ತೂಕಕ್ಕೂ ಆಯಸ್ಸಿಗೂ ನಂಟಿದೆ ಅನ್ನುವುದನ್ನು ಸ್ತನಿಗಳಲ್ಲಿ ಜಾರ್ಜ್ ಸ್ಯಾಚರ್ 1959ರಲ್ಲೇ ಗಮನಿಸಿದ್ದರು. ನಂಟು ಇದ್ದ ಮಾತ್ರಕ್ಕೆ ಯಾವುದು ಕಾರಣ ಎಂದು ಗೊತ್ತಾಗುವುದಿಲ್ಲವಲ್ಲ. 2022ರಲ್ಲಿ 217 ಜಾತಿಯ ಗಿಳಿಗಳನ್ನು ಹೋಲಿಸಿದ ಅಧ್ಯಯನ ಇದನ್ನೇ ಬಿಡಿಸಲು ಹೊರಟಿತು. ದೇಹಕ್ಕೆ ಹೋಲಿಸಿದರೆ ದೊಡ್ಡ ಮಿದುಳಿರುವ ಗಿಳಿಗಳು ಹೆಚ್ಚು ವರ್ಷ ಬದುಕುತ್ತವೆ. ಬುದ್ಧಿ ಕಷ್ಟಕಾಲದಲ್ಲಿ ಜೀವ ಉಳಿಸುತ್ತದೆ ಅನ್ನುವ ವಿವರಣೆಯೇ ಅಲ್ಲಿ ಹೆಚ್ಚು ಹೊಂದಿತು.

ಪಳೆಯುಳಿಕೆ ನೋಡಿದರೆ ಯಾವುದು ಮೊದಲು ಅಂತ ಗೊತ್ತಾಗಬೇಕಲ್ಲ ಅನ್ನಬಹುದು. ಸತ್ತವರ ವಯಸ್ಸು ಮೂಳೆಯಲ್ಲಿ ಬರೆದಿರುವುದಿಲ್ಲ. ಹಲ್ಲಿನಲ್ಲಿ ಮಾತ್ರ ಸ್ವಲ್ಪ ಬರೆದಿರುತ್ತದೆ. ಮಗುವಿನ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಬೆಳೆಯುವಾಗ ದಿನಕ್ಕೊಂದು ಸಣ್ಣ ಗೆರೆ ಬೀಳುತ್ತದೆ. ಹುಟ್ಟಿದ ದಿನದ ಆಘಾತಕ್ಕೂ ಒಂದು ದಪ್ಪ ಗೆರೆ ಇರುತ್ತದೆ. ಅಲ್ಲಿಂದ ಎಣಿಸುತ್ತಾ ಹೋದರೆ ಸತ್ತಾಗ ಮಗುವಿಗೆ ಎಷ್ಟು ದಿನ ವಯಸ್ಸಾಗಿತ್ತು ಎಂದು ತಿಳಿಯುತ್ತದೆ. ಲಕ್ಷಾಂತರ ವರ್ಷಗಳ ನಂತರವೂ! ನಮ್ಮ ಮಕ್ಕಳಿಗೆ ಮೊದಲ ಕಾಯಂ ದವಡೆ ಹಲ್ಲು ಬರುವುದು ಆರು ವರ್ಷದ ಸುಮಾರಿಗೆ, ಚಿಂಪಾಂಜಿಗೆ ಮೂರು–ನಾಲ್ಕಕ್ಕೆ. ನಿಧಾನವಾಗಿ ಬೆಳೆಯುವ ಜೀವಿ ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತದೆ. ಹಾಗಾಗಿ ಹಲ್ಲು ಬೆಳೆದ ವೇಗ ಆಯಸ್ಸಿಗೂ ಒಂದು ಸುಳಿವು.

1984ರಲ್ಲಿ ಕೀನ್ಯಾದ ತುರ್ಕಾನಾ ಸರೋವರದ ಬಳಿ ಪಳೆಯುಳಿಕೆ ಹುಡುಕುವ ಕಮೋಯಾ ಕಿಮೆಯು ಅವರ ಕಣ್ಣಿಗೆ ಒಂದು ಹುಡುಗನ ಮೂಳೆಗಳು ಬಿದ್ದವು. ಹೋಮೊ ಎರೆಕ್ಟಸ್ ಎಂಬ ಹಳೆಯ ಮಾನವ ಗುಂಪಿನವನು, ಸುಮಾರು 15 ಲಕ್ಷ ವರ್ಷ ಹಿಂದಿನವನು. ಮೂಳೆ ನೋಡಿದರೆ ಈಗಿನ 12 ವರ್ಷದ ಹುಡುಗನಷ್ಟು ಬೆಳೆದಿದ್ದಾನೆ. ಹಲ್ಲಿನ ಗೆರೆ ಎಣಿಸಿದರೆ ಸುಮಾರು 8 ವರ್ಷ! ಅಂದರೆ ಅವನು ನಮಗಿಂತ ಬೇಗ ಬೇಗ ಬೆಳೆಯುತ್ತಿದ್ದ. ಆದರೆ ಅವನ ಮಿದುಳು ಆಗಲೇ 880 ಘನ ಸೆಂಟಿಮೀಟರ್. ಚಿಂಪಾಂಜಿಯದು 400ರ ಆಸುಪಾಸು, ನಮ್ಮದು 1,350ರ ಆಸುಪಾಸು. ಮಿದುಳು ಎರಡು ಪಟ್ಟಾಗಿದೆ, ಬಾಲ್ಯ ಇನ್ನೂ ಗಿಡ್ಡ. ಈ ಹುಡುಗನನ್ನು ನೋಡಿದವರು ಮಿದುಳೇ ಮೊದಲು ಎಂದರು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಉಲ್ಟಾ ಸುದ್ದಿ ಬಂತು. ಜಾರ್ಜಿಯಾ ದೇಶದ ದ್ಮನಿಸಿಯಲ್ಲಿ ಇನ್ನೂ ಹಳೆಯ, ಸುಮಾರು 17–18 ಲಕ್ಷ ವರ್ಷ ಹಿಂದಿನ ಮನುಷ್ಯರು ಸಿಕ್ಕಿದ್ದಾರೆ. ಅವರ ಮಿದುಳು ಚಿಕ್ಕದು. ಅಲ್ಲಿನ ಒಬ್ಬ ಎಳೆಯನ ಹಲ್ಲುಗಳನ್ನು ಶಕ್ತಿಶಾಲಿ ಎಕ್ಸ್‌ರೇಯಿಂದ ಗೆರೆ ಗೆರೆ ಬಿಡದೆ ಓದಿ 2024ರಲ್ಲಿ ವರದಿ ಮಾಡಿದರು. ಸತ್ತಾಗ ವಯಸ್ಸು 11 ದಾಟಿತ್ತು. ಮೊದಲ ಐದು ವರ್ಷ ಹಿಂದಿನ ದವಡೆ ಹಲ್ಲುಗಳು ನಮ್ಮ ಮಕ್ಕಳ ಹಾಗೆ ನಿಧಾನವಾಗಿ ಬೆಳೆದಿವೆ, ಆಮೇಲೆ ಚಿಂಪಾಂಜಿಯ ಹಾಗೆ ಓಡಿವೆ. ಅಂದರೆ ದೊಡ್ಡವರನ್ನೇ ನಂಬಿಕೊಂಡ ಉದ್ದದ ಬಾಲ್ಯ, ಮಿದುಳು ದೊಡ್ಡದಾಗುವ ಮೊದಲೇ ತಲೆ ಹಾಕಿರಬಹುದು. ಅದೇ ದ್ಮನಿಸಿಯಲ್ಲಿ ಒಂದು ಹಲ್ಲಿಲ್ಲದ ಬುರುಡೆಯೂ ಸಿಕ್ಕಿದೆ. ಒಂದೇ ಒಂದು ಬಿಟ್ಟು ಎಲ್ಲ ಹಲ್ಲು ಸಾಯುವ ಎಷ್ಟೋ ಮೊದಲೇ ಬಿದ್ದು, ಗೂಡುಗಳು ಮುಚ್ಚಿಕೊಂಡಿವೆ. ಅಗಿಯಲಾಗದ ಆ ಮನುಷ್ಯ ಹೇಗೆ ಬದುಕಿದ? ಬೇರೆಯವರು ನೋಡಿಕೊಂಡಿರಬಹುದು, ಮೆತ್ತನೆಯದನ್ನು ಜಜ್ಜಿ ತಿಂದಿರಬಹುದು. ಇದರ ಮೇಲೆ ಜಗಳ ಇನ್ನೂ ಇದೆ.

ಹಿರಿಯರ ಬಗ್ಗೆ ಇನ್ನೊಂದು ಮಾತು. ರೇಚಲ್ ಕಾಸ್ಪರಿ ಮತ್ತು ಸಾಂಗ್‌ಹೀ ಲೀ 2004ರಲ್ಲಿ 768 ಜನರ ಹಲ್ಲಿನ ಸವೆತ ನೋಡಿ, ಎಳೆಯ ವಯಸ್ಕರಿಗೆ ಎಷ್ಟು ಹಿರಿಯ ವಯಸ್ಕರಿದ್ದರು ಎಂದು ಲೆಕ್ಕ ಹಾಕಿದರು. ಹಿರಿಯರ ಪಾಲು ದಿಢೀರ್ ಏರಿದ್ದು ಯುರೋಪಿನ ಆಧುನಿಕ ಮನುಷ್ಯರಲ್ಲಿ, ಸುಮಾರು 30,000 ವರ್ಷ ಹಿಂದೆ. ಅವರ ಲೆಕ್ಕದಲ್ಲಿ ಹಿರಿಯರು ಅಂದರೆ ಬರೀ 30 ದಾಟಿದವರು ಅನ್ನುವುದು ನೆನಪಿರಲಿ. ಈ ಲೆಕ್ಕ ಸರಿಯಾದರೆ, ಮಿದುಳು ಪೂರ್ತಿ ದೊಡ್ಡದಾಗಿ ಲಕ್ಷಾಂತರ ವರ್ಷ ಆದ ಮೇಲೆ ಗುಂಪಿನಲ್ಲಿ ಹಿರಿಯರು ತುಂಬಿದರು. ಮಿದುಳಿಗೆ ಅವರು ಕಾರಣರಲ್ಲ. ಚಿತ್ರ, ಆಭರಣ, ಹೊಸ ಹತಾರುಗಳ ಆಗಿನ ಸಡಗರಕ್ಕೆ ಕಾರಣ ಇರಬಹುದು.

ಅಜ್ಜಿಯರ ವಿಷಯ ಬಿಟ್ಟರೆ ಈ ಉತ್ತರ ಅರ್ಧವೇ. ಹಾಡ್ಜಾ ಅಜ್ಜಿಯರು ಗಟ್ಟಿ ನೆಲದಿಂದ ಗೆಡ್ಡೆ ಅಗೆದು ಮೊಮ್ಮಕ್ಕಳಿಗೆ ಹಾಕುವುದನ್ನು ಕ್ರಿಸ್ಟನ್ ಹಾಕ್ಸ್ ನೋಡಿದ್ದರು. ಮುಟ್ಟು ನಿಂತ ಮೇಲೂ ಹೆಂಗಸರು ಇಷ್ಟು ವರ್ಷ ಬದುಕುವುದು ಯಾಕೆ ಅನ್ನುವ ಪ್ರಶ್ನೆಗೆ ಅವರ ತಂಡ 1998ರಲ್ಲಿ ಕೊಟ್ಟ ಉತ್ತರ ಇದೇ. ಅಜ್ಜಿ ಇದ್ದರೆ ಮಗಳು ಬೇಗ ಇನ್ನೊಂದು ಮಗು ಹೆರಬಹುದು, ಗಟ್ಟಿ ಮುದುಕಿಯರ ಜೀನ್ ಹರಡುತ್ತದೆ. ಗಮನಿಸಿ, ಈ ವಾದಕ್ಕೆ ಜಾಣತನ ಬೇಕಿಲ್ಲ. ಗೆಡ್ಡೆ ಅಗೆಯುವ ತೋಳು ಸಾಕು. ಹಾಕ್ಸ್ ಪ್ರಕಾರ ಆಯಸ್ಸು ಮೊದಲು, ಮಿದುಳು ಅದರ ಹಿಂದೆ. ಕಪ್ಲಾನ್ ಪ್ರಕಾರ ಎರಡೂ ಜೊತೆ ಜೊತೆ. ಇಬ್ಬರ ಜಗಳ ಈ ಕ್ಷೇತ್ರದ ಹಳೆಯ ಜಗಳ.

ಹಿರಿಯರ ತಲೆಯೊಳಗಿನದಕ್ಕೂ ಬೆಲೆ ಇದೆ ಎಂದು ಬೇರೆ ಪ್ರಾಣಿಗಳು ತೋರಿಸುತ್ತವೆ. ಕೀನ್ಯಾದ ಅಂಬೊಸೆಲಿಯಲ್ಲಿ ಕ್ಯಾರೆನ್ ಮೆಕಾಂಬ್ ಆನೆಗಳಿಗೆ ಪರಿಚಿತ, ಅಪರಿಚಿತ ಆನೆಗಳ ಕೂಗು ಕೇಳಿಸಿ ನೋಡಿದರು. ವಯಸ್ಸಾದ ಹೆಣ್ಣಾನೆ ಮುಂದಾಳಾಗಿದ್ದ ಹಿಂಡುಗಳು ಗುರುತು ಹಿಡಿಯುವುದರಲ್ಲಿ ಮುಂದಿದ್ದವು, ಅವುಗಳಲ್ಲಿ ಮರಿಗಳೂ ಜಾಸ್ತಿ. ಓರ್ಕಾ ತಿಮಿಂಗಿಲಗಳಲ್ಲಿ ಸಾಲ್ಮನ್ ಮೀನು ಕಡಿಮೆ ಇದ್ದ ವರ್ಷಗಳಲ್ಲಿ ಮುಂದೆ ನಿಂತು ದಾರಿ ತೋರಿಸುವುದು ಹೆರುವುದು ನಿಲ್ಲಿಸಿದ ಅಜ್ಜಿಯರೇ.

ನನಗೆ ಅತಿ ಇಷ್ಟವಾದ ಸಾಕ್ಷಿ ಮಾತ್ರ ಜೀನ್‌ಗಳದು. ಎಪಿಒಇ ಎಂಬ ಜೀನ್‌ನ ನಮ್ಮ ಹಳೆಯ ರೂಪ ಇ4. ಮುಪ್ಪಿನಲ್ಲಿ ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವುದು ಅದೇ. ಇ3 ಎಂಬ ಹೊಸ ರೂಪ ಮನುಷ್ಯರಲ್ಲಿ ಮಾತ್ರ ಹುಟ್ಟಿ, ಈಗ ಎಲ್ಲಕ್ಕಿಂತ ಹೆಚ್ಚು ಹರಡಿದೆ. ಸಿಡಿ33 ಎಂಬ ಇನ್ನೊಂದು ಜೀನ್‌ನಲ್ಲೂ ಮುದಿ ಮಿದುಳನ್ನು ಕಾಯುವ ರೂಪ ನಮ್ಮಲ್ಲೇ ಹೊಸದಾಗಿ ಬಂದದ್ದು ಎಂದು ಅಜಿತ್ ವರ್ಕಿ ಅವರ ತಂಡ 2015ರಲ್ಲಿ ಬರೆಯಿತು. ಮಕ್ಕಳನ್ನು ಹೆರುವ ವಯಸ್ಸು ಮುಗಿದ ಮೇಲಿನ ನೆನಪಿನ ಶಕ್ತಿಗೆ ಬೆಲೆಯೇ ಇಲ್ಲದಿದ್ದರೆ ಇವು ಯಾಕೆ ಹರಡಬೇಕು? ಆದರೆ ಈ ಜೀನ್‌ಗಳು ಸೋಂಕಿನ ವಿರುದ್ಧವೂ ಕೆಲಸ ಮಾಡುತ್ತವೆ. ಅದಕ್ಕಾಗಿಯೇ ಹರಡಿ, ಅಜ್ಜಿಯ ನೆನಪು ಉಳಿದದ್ದು ಪುಕ್ಕಟೆ ಲಾಭವೂ ಆಗಿರಬಹುದು.

ಹಾಗಾಗಿ ನಿಮ್ಮ ಊಹೆಗೆ ನಾನು ಅರ್ಧ ಅಂಕ ಕೊಡುತ್ತೇನೆ. ದೊಡ್ಡವರ ಸಾವು ಕಡಿಮೆಯಾಗದೆ ಇಷ್ಟು ದುಬಾರಿ ಮಿದುಳು ನಿಲ್ಲುತ್ತಿರಲಿಲ್ಲ, ಅದು ಖಂಡಿತ. ಆದರೆ ಆಯಸ್ಸು ಅನುಮತಿ ಕೊಡುತ್ತದೆ, ದೂಡುವುದಿಲ್ಲ. ದೂಡಿದ್ದು ಬಹುಶಃ ಊಟದ ಪಾಡು ಮತ್ತು ಹಂಚಿ ತಿನ್ನುವ ಗುಂಪು. ಹಲ್ಲಿಲ್ಲದವನು ಬದುಕಬೇಕಾದರೂ, ಹದಿನೆಂಟರವರೆಗೆ ಹುಡುಗ ತಿಂದುಕೊಂಡೇ ಇರಬೇಕಾದರೂ ಇನ್ನೊಬ್ಬರು ತಂದುಹಾಕಲೇಬೇಕು. ಬಾವಲಿಗೂ ಶಾರ್ಕ್‌ಗೂ ಈ ಪಾಲು ಇಲ್ಲ.

ನನ್ನ ಅಭಿಪ್ರಾಯ ಬದಲಾಗಬೇಕಾದರೆ ಏನು ಸಿಗಬೇಕು ಅಂತ ಕೇಳಿದರೆ, ಇನ್ನಷ್ಟು ಮಕ್ಕಳ ಹಲ್ಲು. ದ್ಮನಿಸಿಯ ವಾದ ಒಂದೇ ಎಳೆಯನ ಬಾಯಿಯ ಮೇಲೆ ನಿಂತಿದೆ, ಎದುರುಗಡೆಯ ವಾದದಲ್ಲೂ ತುರ್ಕಾನಾದ ಆ ಒಬ್ಬ ಹುಡುಗನದೇ ದೊಡ್ಡ ಪಾಲು. 20 ಲಕ್ಷ ಮತ್ತು 5 ಲಕ್ಷ ವರ್ಷಗಳ ನಡುವಿನ ಇನ್ನೂ ಹತ್ತಿಪ್ಪತ್ತು ಹಲ್ಲುಗಳನ್ನು ಅದೇ ಎಕ್ಸ್‌ರೇಗೆ ಕೊಟ್ಟು, ಚಿಕ್ಕ ಮಿದುಳಿನವರಲ್ಲೆಲ್ಲ ಬಾಲ್ಯ ಉದ್ದವಿತ್ತು ಎಂದು ಕಂಡರೆ ಉಳಿದರ್ಧ ಅಂಕವೂ ನಿಮ್ಮದೇ.